ಚೀಟಿಯಲ್ಲಿ ಮಗುವಿನ ತೂಕವನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನನ್ನ ಮೊಮ್ಮಗಳಿಗೆ ಜ್ವರ ಬಂತು. ಒಂದೂಕಾಲು ವರ್ಷದ ಮಗು, ತೂಕ 10 ಕೆಜಿ. ಮನೆಯಲ್ಲಿದ್ದ ಪ್ಯಾರಸಿಟಮಾಲ್ ಸಿರಪ್ ತಳ ಕಂಡಿತ್ತು. ಮಗ ಮೆಡಿಕಲ್‌ಗೆ ಹೋಗಿ ಅದೇ ಹೆಸರು ಹೇಳಿ ಹೊಸ ಬಾಟಲಿ ತಂದ. ಹಿಂದಿನ ಸಲ ಡಾಕ್ಟರು 5 ಎಂಎಲ್ ಅಂದಿದ್ದರು, ನಾನೂ ಅಷ್ಟೇ ಕುಡಿಸಿದೆ. ರಾತ್ರಿ ಇನ್ನೊಂದು ಸಲ ಕುಡಿಸುವ ಹೊತ್ತಿಗೆ ಸೊಸೆ ಯಾಕೋ ಎರಡೂ ಬಾಟಲಿ ಲೈಟಿಗೆ ಹಿಡಿದು ಓದಿದಳು. ಹಳೆಯದರಲ್ಲಿ 5 ಎಂಎಲ್‌ಗೆ 125 ಮಿಲಿಗ್ರಾಂ, ಹೊಸದರಲ್ಲಿ 250. ಅದೇ ಹೆಸರು, ಅದೇ ಬಣ್ಣ, ಪಕ್ಕದಲ್ಲಿ ಸಣ್ಣಗೆ 'ಡಿಎಸ್' ಅಂತ ಎರಡು ಅಕ್ಷರ, ಅಂದರೆ ಡಬಲ್ ಸ್ಟ್ರೆಂತ್, ಎರಡು ಪಟ್ಟು ಗಟ್ಟಿ. ನನಗೆ ಕೈಕಾಲೇ ಆಡಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆವು, ಒಂದೇ ಸಲ ಆಗಿದೆ, ಈಗ ಮತ್ತೆ ಹಾಕಬೇಡಿ, ಬೆಳಗ್ಗೆ ಕರ್ಕೊಂಡು ಬನ್ನಿ ಅಂದರು. ಮಗು ಚೆನ್ನಾಗಿದೆ.

ಆಮೇಲೆ ಅವರೇ ಕೂರಿಸಿಕೊಂಡು ಲೆಕ್ಕ ಹೇಳಿಕೊಟ್ಟರು. ಪ್ಯಾರಸಿಟಮಾಲ್ ಒಂದು ಸಲಕ್ಕೆ ಮಗುವಿನ ಒಂದು ಕೆಜಿ ತೂಕಕ್ಕೆ 10ರಿಂದ 15 ಮಿಲಿಗ್ರಾಂ. ನಮ್ಮ ಮಗುವಿಗೆ 100ರಿಂದ 150 ಆಯಿತು. ನಾನು ಕುಡಿಸಿದ್ದು 250! ಒಂದು ಸಲಕ್ಕೂ ಇನ್ನೊಂದಕ್ಕೂ ಕನಿಷ್ಠ 4ರಿಂದ 6 ಗಂಟೆ ಬಿಡಬೇಕು, ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಡ. ಡ್ರಾಪ್ಸ್ ಅಂತೂ ಇನ್ನೂ ಗಟ್ಟಿ, ಸಾಮಾನ್ಯವಾಗಿ ಒಂದೇ ಎಂಎಲ್‌ನಲ್ಲಿ 100 ಮಿಲಿಗ್ರಾಂ ಇರುತ್ತೆ, ಅದನ್ನ ಸಿರಪ್ ಅಂತ ತಿಳಿದು 5 ಎಂಎಲ್ ಕುಡಿಸಿದರೆ 500 ಆಯ್ತಲ್ವಾ? ಮಿತಿ ಮೀರಿದರೆ ಲಿವರ್‌ಗೆ ಪೆಟ್ಟು, ಅದೂ ಮೊದಲ ದಿನ ಏನೂ ಗೊತ್ತಾಗದೆ ಇರಬಹುದಂತೆ. ಎಷ್ಟೋ ನೆಗಡಿ ಸಿರಪ್‌ಗಳಲ್ಲೂ ಪ್ಯಾರಸಿಟಮಾಲ್ ಸೇರಿರುತ್ತೆ, ಜ್ವರಕ್ಕೊಂದು ನೆಗಡಿಗೊಂದು ಅಂತ ಎರಡೂ ಕುಡಿಸುವ ಮನೆಗಳು ನಮ್ಮ ಬೀದಿಯಲ್ಲೇ ಇವೆ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಯಲ್ಲಿ ಏನೂ ಹಾಕದೆ ನೇರ ಡಾಕ್ಟರ ಹತ್ತಿರ ಹೋಗಬೇಕು.

ಇನ್ನು ಚಮಚ. ನಮ್ಮ ಅಡುಗೆಮನೆಯ ಚಮಚಗಳಲ್ಲಿ ನೀರು ತುಂಬಿ ಅಳೆದು ನೋಡಿದೆ, ಒಂದು 3 ಎಂಎಲ್ ಚಿಲ್ಲರೆ, ಇನ್ನೊಂದು 7ರ ಹತ್ತಿರ. ಎರಡಕ್ಕೂ ನಾವು ಟೀ ಚಮಚ ಅಂತಲೇ ಕರೆಯೋದು. ಬಾಟಲಿ ಜೊತೆ ಬರುವ ಗೆರೆ ಇರುವ ಮುಚ್ಚಳ ಇಲ್ಲವೇ ಸೂಜಿ ಇಲ್ಲದ ಸಿರಿಂಜ್, ಇವೆರಡೇ ಸರಿ.

ದಾವಣಗೆರೆಯ ಡಾಕ್ಟರುಗಳಲ್ಲಿ ನನ್ನ ಕೋರಿಕೆ ಇಷ್ಟು: ಚೀಟಿಯಲ್ಲಿ ಸುಮ್ನೆ '5 ಎಂಎಲ್' ಅಂತ ಬರೆಯಬೇಡಿ. ಮಗುವಿನ ಅವತ್ತಿನ ತೂಕ, 5 ಎಂಎಲ್‌ಗೆ ಎಷ್ಟು ಮಿಲಿಗ್ರಾಂ ಇರುವ ಸಿರಪ್, ದಿನಕ್ಕೆ ಎಷ್ಟು ಸಲ, ಮೂರೂ ಬರೆಯಿರಿ, ಆಗುವುದಾದರೆ ಕನ್ನಡದಲ್ಲೇ. ಇಲ್ಲಿನ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಸುತ್ತಲಿನ ಹಳ್ಳಿಗಳಿಂದ ಎಷ್ಟು ತಾಯಂದಿರು ಬರುತ್ತಾರೆ, ಅಲ್ಲಿಂದಲೇ ಶುರುವಾದರೆ ಬಹಳ ಮನೆಗಳಿಗೆ ಉಪಕಾರ. ಮೆಡಿಕಲ್‌ನವರೂ ಬಾಟಲಿ ಕೊಡುವ ಮುಂಚೆ "ಮಗು ಎಷ್ಟು ಕೆಜಿ?" ಅಂತ ಒಂದು ಮಾತು ಕೇಳಲಿ, ಬೇರೆ ಗಟ್ಟಿಯದು ಕೊಡುತ್ತಿದ್ದರೆ ಬಾಯಿಬಿಟ್ಟು ಹೇಳಲಿ. ತೂಕ ಗೊತ್ತಿಲ್ಲದವರು ಅಂಗನವಾಡಿಗೆ ಹೋಗಿ ಕೇಳಿ, ಅಲ್ಲಿ ಮಕ್ಕಳನ್ನ ತೂಗಿ ಬರೆದಿಟ್ಟಿರುತ್ತಾರೆ. ನಮ್ಮ ಸೊಸೆ ಈಗ ತಾಯಿ ಕಾರ್ಡಿನ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದಾಳೆ, ಪ್ರತಿ ತಿಂಗಳು ಅಳಿಸಿ ಹೊಸದು ಬರೆಯುತ್ತಾಳೆ.

– ಒಬ್ಬ ಅಜ್ಜಿ, ನಿಟುವಳ್ಳಿ, ದಾವಣಗೆರೆ