ಪ್ಯಾಡೆಲ್ ರ‍್ಯಾಕೆಟ್ ಹಾಗೂ ಇತರ ಸಾಮಗ್ರಿಯ ಖರೀದಿ ಕುರಿತು ಪಾಲಕರಿಗೆ ಪತ್ರ

ಸ್ಥಳ: ಬೆಳಗಾವಿ

ಮಾನ್ಯ ಪಾಲಕರಿಗೆ ಸಾದರ ನಮಸ್ಕಾರಗಳು.

ಕಳೆದ ವಾರ ಏಳನೆಯ ತರಗತಿಯ ಮೂವರು ಮಕ್ಕಳು ಮನೆಯಿಂದ ತಂದಿದ್ದ, ಗೋಡೆಗಳ ನಡುವೆ ಆಡುವ ಟೆನಿಸ್‌ನಂಥ ಪ್ಯಾಡೆಲ್ ಆಟದ ಹೊಸ ರ‍್ಯಾಕೆಟ್‌ಗಳನ್ನು ನಮ್ಮ ದೈಹಿಕ ಶಿಕ್ಷಣ ಶಿಕ್ಷಕರು ಅಂಕಣದಲ್ಲಿ ಬಳಸಲು ಬಿಡದೆ ತೆಗೆದಿರಿಸಿದ್ದು ಕೆಲವು ಮನೆಗಳಲ್ಲಿ ಬೇಸರ ತಂದಿದೆ. ಇಬ್ಬರು ತಂದೆಯವರೂ ಒಬ್ಬ ಅಜ್ಜನವರೂ ಕಚೇರಿಗೆ ಬಂದು ನನ್ನೊಡನೆ ಮಾತನಾಡಿದರು. ಮಗುವಿನ ಹುಟ್ಟುಹಬ್ಬಕ್ಕೆಂದು ಪುಣೆಯಿಂದ ತರಿಸಿದ ವಸ್ತುವನ್ನು ಗೆಳೆಯರೆದುರು ಕೈಯಿಂದ ತೆಗೆದುಕೊಂಡರೆ ಮಗುವಿಗೆ ಹೇಗಾದೀತು ಎಂಬ ಅಜ್ಜನವರ ಮಾತು ನ್ಯಾಯವಾದದ್ದು. ಮೊದಲು ಮನೆಗೊಂದು ಫೋನ್ ಮಾಡಬೇಕಿತ್ತು. ಅದು ನಮ್ಮ ಲೋಪ, ಅದಕ್ಕಾಗಿ ವಿಷಾದಿಸುತ್ತೇನೆ. ಆದರೆ ನಿಯಮವನ್ನು ಹಿಂದಕ್ಕೆ ಪಡೆಯುತ್ತಿಲ್ಲವಾದ್ದರಿಂದ, ಅದರ ಹಿಂದಿನ ಕಾರಣವನ್ನು ತಾವು ಸಾವಧಾನದಿಂದ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಆಟ ಕಲಿಯುತ್ತಿರುವ ಮೊದಲ ವರ್ಷದ ಮಕ್ಕಳು ದುಂಡು ಮುಖದ, ಹಗುರವಾದ, ಮೃದು ಫೋಮ್ ಇರುವ ರ‍್ಯಾಕೆಟ್‌ನಲ್ಲಿಯೇ ಆಡಬೇಕೆಂಬುದು ಆ ನಿಯಮ.

ಪ್ಯಾಡೆಲ್ ರ‍್ಯಾಕೆಟ್‌ಗೆ ಟೆನಿಸ್ ಅಥವಾ ಬ್ಯಾಡ್ಮಿಂಟನ್ ರ‍್ಯಾಕೆಟ್‌ನಂತೆ ಗಟ್ (ಹೆಣೆದ ತಂತಿ) ಇರುವುದಿಲ್ಲ. ಫೋಮ್‌ನ ತಿರುಳಿಗೆ ಎರಡೂ ಬದಿ ಫೈಬರ್‌ಗ್ಲಾಸ್ ಇಲ್ಲವೇ ಕಾರ್ಬನ್ ಹಾಳೆ ಹೊದಿಸಿ ರಂಧ್ರ ಕೊರೆದಿರುತ್ತಾರೆ. ಗಟ್ ಹಿಗ್ಗಿ ತಾಳಿಕೊಳ್ಳುತ್ತಿದ್ದ ಪೆಟ್ಟನ್ನು ಇಲ್ಲಿ ಆ ತಿರುಳೇ ತಾಳಬೇಕು. ತಿರುಳು ಗಟ್ಟಿಯಾಗಿ, ಮೇಲಿನ ಹಾಳೆ ಬಿರುಸಾದ ಕಾರ್ಬನ್ ಆಗಿದ್ದರೆ ಪೆಟ್ಟಿನ ನಡುಕ ಮುಂಗೈ ದಾಟಿ ಮೊಣಕೈಗೆ ಏರುತ್ತದೆ. ಮಕ್ಕಳು ತಂದಿದ್ದ ಮೂರೂ ರ‍್ಯಾಕೆಟ್‌ಗಳು ಪೂರ್ತಿ ಕಾರ್ಬನ್‌ನವು, ವಜ್ರದಾಕಾರದವು, ಪಳಗಿದ ದೊಡ್ಡವರಿಗಾಗಿ ಮಾಡಿದವು. ವಜ್ರದಾಕಾರದಲ್ಲಿ ಭಾರವೆಲ್ಲ ತಲೆಯ ಕಡೆ ಇರುತ್ತದೆ, ಚೆಂಡು ಸರಿಯಾಗಿ ತಾಗುವ ಜಾಗ ಮೇಲಕ್ಕೆ ಸರಿದು ಚಿಕ್ಕದಾಗುತ್ತದೆ. ದುಂಡು ರ‍್ಯಾಕೆಟ್‌ನಲ್ಲಿ ಆ ಜಾಗ ನಟ್ಟನಡುವೆ ಅಗಲವಾಗಿದ್ದು, ಮಗುವಿನ ಅಂದಾಜು ಎರಡು ಬೆರಳು ತಪ್ಪಿದರೂ ಚೆಂಡು ನೆಟ್ ದಾಟುತ್ತದೆ.

ಇದನ್ನು ನಾನು ಕೇಳಿದ ಮಾತಿನ ಮೇಲೆ ಬರೆಯುತ್ತಿಲ್ಲ. ಅವುಗಳಲ್ಲೊಂದನ್ನು ವಿಜ್ಞಾನ ಪ್ರಯೋಗಾಲಯದ ತಕ್ಕಡಿಯಲ್ಲಿ ಇಡಿಸಿದಾಗ 372 ಗ್ರಾಂ ತೂಗಿತು. ಶಾಲೆಯ ದುಂಡು ರ‍್ಯಾಕೆಟ್ 310 ಗ್ರಾಂ. ವ್ಯತ್ಯಾಸ ಒಂದು ಮೊಟ್ಟೆಯಷ್ಟು ಎನಿಸಬಹುದು, ಆದರೆ ಆ ಭಾರ ಹಿಡಿಯಿಂದ ದೂರ, ತುದಿಯಲ್ಲಿದೆ. ಅದರ ಒಡತಿಯಾದ ಹುಡುಗಿಯನ್ನು ಕರೆದು ನನ್ನೆದುರಿಗೇ ಎರಡರಲ್ಲೂ ಹತ್ತತ್ತು ಚೆಂಡು ಆಡಿಸಿದೆ. ತನ್ನದರಲ್ಲಿ ಆರನೆಯ ಚೆಂಡಿಗೆ ಆಕೆ ಎಡಗೈಯನ್ನು ಬಲ ಮುಂಗೈಗೆ ಆಸರೆಯಾಗಿ ಕೊಟ್ಟಳು. ಕೇಳಿದರೆ ನೋವಿಲ್ಲ ಎಂದಳು; ಅಪ್ಪ ಕೊಡಿಸಿದ್ದನ್ನು ಬಿಟ್ಟುಕೊಡಲು ಆಕೆಗೆ ಮನಸ್ಸಿಲ್ಲವೆಂಬುದು ಮುಖದಲ್ಲೇ ಕಾಣುತ್ತಿತ್ತು. ಶಾಲೆಯ ರ‍್ಯಾಕೆಟ್‌ನಲ್ಲಿ ಹತ್ತೂ ಚೆಂಡುಗಳನ್ನು ಒಂದೇ ಕೈಯಲ್ಲಿ ಆಡಿದಳು.

ಮುಂದೆ ಹೇಗೂ ಬೇಕಾಗುತ್ತದೆ, ಈಗಲೇ ಒಳ್ಳೆಯದನ್ನು ಕೊಡಿಸಿದರೆ ಎರಡು ಬಾರಿ ಖರ್ಚು ತಪ್ಪುತ್ತದೆ ಎಂಬುದು ಅನೇಕರ ವಾದ. ಸಮವಸ್ತ್ರ ಹೊಲಿಸುವಾಗ ನಾವೆಲ್ಲರೂ ಮಾಡುವುದು ಅದನ್ನೇ. ಎರಡು ವರ್ಷ ಬರಲೆಂದು ದೊಡ್ಡ ಅಳತೆ ಕೊಟ್ಟು ಅಂಚು ಮಡಚಿ ಹೊಲಿಸುತ್ತೇವೆ. ರ‍್ಯಾಕೆಟ್‌ನ ಭಾರವನ್ನು ಮಡಚಿ ಹೊಲಿಯಲು ಬರುವುದಿಲ್ಲ. ಬೆಲೆ ಹೆಚ್ಚಾದಷ್ಟೂ ಮಗುವಿಗೆ ಒಳ್ಳೆಯದೆಂಬ ಲೆಕ್ಕವೂ ಇಲ್ಲಿ ನಡೆಯುವುದಿಲ್ಲ. ಕಲಿಯುವವರಿಗೆ ಹಿತವಾದ ಫೈಬರ್‌ಗ್ಲಾಸ್ ರ‍್ಯಾಕೆಟ್ ಸಾಮಾನ್ಯವಾಗಿ ಅಗ್ಗವೇ ಇರುತ್ತದೆ. ತಾವು ಪ್ರೀತಿಯಿಂದ ಕೊಡಿಸಿದ್ದನ್ನು ನಾವು ಹಗುರವಾಗಿ ಕಂಡಿದ್ದೇವೆಂದು ದಯವಿಟ್ಟು ಭಾವಿಸಬೇಡಿ. ಅದರ ಕಾಲ ಇನ್ನೂ ಬಂದಿಲ್ಲ, ಅಷ್ಟೇ.

ಜೋರಾಗಿ ಹೊಡೆಯಲು ಅನುಕೂಲವಾಗಲೆಂದು ವಜ್ರದಾಕಾರ ಆರಿಸಿದೆ ಎಂದು ಒಬ್ಬ ಪಾಲಕರು ಹೇಳಿದರು. ಆದರೆ ಪ್ಯಾಡೆಲ್‌ನಲ್ಲಿ ಬರಿಯ ಬಲ ಕೆಲಸಕ್ಕೆ ಬಾರದು, ಏಕೆಂದರೆ ಇದು ಗೋಡೆಗಳ ಆಟ. 1969ರಲ್ಲಿ ಮೆಕ್ಸಿಕೋದ ಅಕಾಪುಲ್ಕೋದಲ್ಲಿ ಎನ್ರಿಕೆ ಕೊರ್ಕುಯೆರಾ ತಮ್ಮ ಮನೆಯಲ್ಲಿ ಗೋಡೆಗಳ ನಡುವೆ ಕಟ್ಟಿಸಿದ ಅಂಕಣದಿಂದ ಈ ಆಟ ಹುಟ್ಟಿತು. ಇಂದಿಗೂ 20 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣದ ಸುತ್ತ ಗಾಜು ಮತ್ತು ಜಾಲರಿಯ ಗೋಡೆಗಳಿವೆ. ಕಲಿಯುವ ಮಗು ಬಲವಾಗಿ ಬೀಸಿದ ಚೆಂಡು ನೆಲಕ್ಕೆ ಬಿದ್ದು ಎದುರಾಳಿಯ ಹಿಂದಿನ ಗಾಜಿಗೆ ತಾಗಿ ಅವರ ಕೈಗೇ ಅನುಕೂಲವಾಗಿ ಮರಳುತ್ತದೆ. ಗೋಡೆಯಿಂದ ಬರುವ ಚೆಂಡಿಗೆ ಕಾದು, ಮೆಲ್ಲಗೆ ಎತ್ತಿ ಕಳಿಸುವುದನ್ನು ಮೊದಲು ಕಲಿಯಬೇಕು. ಅದು ಕೈಗೆ ಹತ್ತಿದ ಮೇಲೆ, ಸಾಮಾನ್ಯವಾಗಿ ಎರಡನೆಯ ವರ್ಷ, ದುಂಡಿಗೂ ವಜ್ರದಾಕಾರಕ್ಕೂ ನಡುವಿನದಾದ ಹನಿಯಾಕಾರದ ರ‍್ಯಾಕೆಟ್‌ಗೆ ನಾವೇ ಅನುಮತಿ ನೀಡುತ್ತೇವೆ. ಟೆನಿಸ್ ಬಲ್ಲ ಮಕ್ಕಳಿಗೂ ಇದೇ ಕ್ರಮ.

ಉಳಿದ ಸಾಮಗ್ರಿಯಲ್ಲಿ ಬೂಟಿನ ಬಗ್ಗೆ ಮಾತ್ರ ವಿಶೇಷ ಗಮನವಿರಲಿ. ಮರಳು ಹರಡಿದ ಕೃತಕ ಹುಲ್ಲಿನ ಮೇಲೆ, ಮೆತ್ತನೆಯ ದಪ್ಪ ಅಡಿಯ ಓಟದ ಬೂಟು ಹಾಕಿಕೊಂಡು ಪಕ್ಕಕ್ಕೆ ತಿರುಗಿದರೆ ಪಾದ ಹೊರಳುತ್ತದೆ. ಅಡಿಯಲ್ಲಿ ಮೀನಿನ ಮುಳ್ಳಿನಂತೆ ಓರೆಗೆರೆಗಳಿರುವ ಬೂಟು ಒಳ್ಳೆಯದು. ಹಿಡಿಯ ದಾರವನ್ನು ಮುಂಗೈಗೆ ಹಾಕಿಕೊಳ್ಳುವುದು ಆಟದ ನಿಯಮವೇ ಆಗಿದೆ. ಹಿಡಿ ತೆಳ್ಳಗಿದ್ದರೆ ಅಥವಾ ಬೆವರಿಗೆ ಜಾರಿದರೆ ಮೇಲೊಂದು ಓವರ್‌ಗ್ರಿಪ್ ಸುತ್ತಿಸಿದರೆ ಸಾಕು. ಬೇಸಿಗೆಯಲ್ಲಿ ರ‍್ಯಾಕೆಟ್ ಅನ್ನು ಕಾರಿನೊಳಗೆ ಬಿಡಬೇಡಿ. ಶಾಖಕ್ಕೆ ಫೋಮ್ ಕೆಡುತ್ತದೆ. ಚೆಂಡುಗಳನ್ನು ಶಾಲೆಯೇ ಒದಗಿಸುತ್ತದೆ.

ಅಂಗಡಿಗೆ ಹೋಗುವ ಮುನ್ನ ಒಮ್ಮೆ ದೈಹಿಕ ಶಿಕ್ಷಣ ಶಿಕ್ಷಕರನ್ನು ಕಂಡು ಮಾತನಾಡಿ.

ಮೂರೂ ರ‍್ಯಾಕೆಟ್‌ಗಳು ಚೀಲಸಮೇತ ನನ್ನ ಕಚೇರಿಯ ಕಪಾಟಿನಲ್ಲಿ ಸುರಕ್ಷಿತವಾಗಿವೆ. ಸಂಬಂಧಪಟ್ಟ ಪಾಲಕರು ಯಾವುದೇ ದಿನ ಸಂಜೆ 4ರಿಂದ 5ರೊಳಗೆ ಮಗುವಿನೊಂದಿಗೆ ಬಂದು ಪಡೆದುಕೊಳ್ಳಬಹುದು. ಬಂದಾಗ ಶಾಲೆಯ ರ‍್ಯಾಕೆಟ್‌ನಲ್ಲಿ ಮಗು ಆಡುವುದನ್ನೂ ಹತ್ತು ನಿಮಿಷ ನಿಂತು ನೋಡಿದರೆ ನನಗೆ ಸಂತೋಷ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ