ಪಾಲಾ ಮನೆಗೆ ಬಂದರು, ಎಲ್ಲರಿಗೂ ಥ್ಯಾಂಕ್ಸ್

ಪಾಲಾ ಅಂದರೆ ನಮ್ಮ ಟಿಬೆಟಿಯನ್ ಮಾತಲ್ಲಿ ಅಪ್ಪ. ಅಪ್ಪ ಮೊನ್ನೆ ಮೈಸೂರಿನ ಆಸ್ಪತ್ರೆಯಿಂದ ಬೈಲಕುಪ್ಪೆಯ ನಮ್ಮ ಟಿಬೆಟಿಯನ್ ಕ್ಯಾಂಪಿಗೆ ವಾಪಸ್ ಬಂದರು. ಗೋಡೆ ಹಿಡಿದು ಬಾಗಿಲವರೆಗೆ ನಡೆಯುತ್ತಾರೆ, ಬೆಣ್ಣೆ ಚಹಾಕ್ಕೆ ಉಪ್ಪು ಕಡಿಮೆ ಅಂತ ಬೈಯುತ್ತಾರೆ. ಅಂದರೆ ಹುಷಾರಾಗಿದ್ದಾರೆ. ಏನಾಗಿತ್ತು, ಹೇಗಾಯ್ತು ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ, ಮತ್ತೆ ಬರೆಯಲ್ಲ.

ರಕ್ತ ಕೊಟ್ಟ ಕುಶಾಲನಗರದ ಹುಡುಗರು, ಮೈಸೂರಲ್ಲಿ ಮನೆ ಬೀಗ ಕೈಗಿಟ್ಟ ಗೆಳತಿ, ಪೂಜೆ ಮಾಡಿಸಿದ ಮಠದವರು, ಅಪ್ಪನ ಆರ್‌ಸಿ ಬುಕ್ (ವಿದೇಶಿಯರ ನೋಂದಣಿ ಪುಸ್ತಕ) ನೋಡಿ ಇದೇನು ಅಂದ ಕೌಂಟರಿನವರಿಗೆ ಸಮಾಧಾನವಾಗಿ ತಿಳಿಸಿ ಹೇಳಿದ ನರ್ಸಮ್ಮ, ನಿಮಗೆಲ್ಲ ಥ್ಯಾಂಕ್ಸ್.

ಇನ್ನು ಪಕ್ಕದೂರು ಕೊಪ್ಪದ ಟ್ರ್ಯಾಕ್ಟರ್ ಅಣ್ಣ.

ಅಪ್ಪನಿಗೂ ಅವರಿಗೂ ಮೊದಲು ಆಗುತ್ತಲೇ ಇರಲಿಲ್ಲ. ಅಪ್ಪ ಆಗ ಕ್ಯಾಂಪ್ ಲೀಡರ್. ಅಣ್ಣನ ಹಸು ನಮ್ಮವರ ಜೋಳದ ಹೊಲಕ್ಕೆ ನುಗ್ಗಿತ್ತು, ದಂಡ ಕಟ್ಟಿಸಿಕೊಂಡೇ ಅಪ್ಪ ಹಸು ಬಿಟ್ಟರು. "ಎಲ್ಲಿಂದಲೋ ಬಂದವರು ನಮ್ಮೂರಲ್ಲಿ ನಮಗೇ ದಂಡ ಹಾಕ್ತಾರೆ" ಅಂತ ಅಣ್ಣ ಟೀ ಅಂಗಡಿಗಳಲ್ಲೆಲ್ಲ ಹೇಳಿಕೊಂಡು ತಿರುಗಿದರು. ಮುಂದಿನ ವರ್ಷ ನಮ್ಮ ಹೊಲ ಉಳಲು ಟ್ರ್ಯಾಕ್ಟರ್ ತಂದವರೂ ಅವರೇ, ಯಾಕಂದರೆ ಬಾಡಿಗೆ ಅವತ್ತವತ್ತೇ ಕೊಡುತ್ತಿದ್ದದ್ದು ಅಪ್ಪ ಮಾತ್ರ.

ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ ರಾತ್ರಿ ನಮ್ಮನ್ನು ಮೈಸೂರಿಗೆ ಬಿಟ್ಟು ಹೊರಡಬೇಕಿದ್ದ ಅಣ್ಣ ಹೋಗಲೇ ಇಲ್ಲ. ಎರಡು ಗಂಟೆ ಹೊತ್ತಿಗೆ ಅಪ್ಪನಿಗೆ ಎಲ್ಲಿದ್ದೇನೆ ಅನ್ನೋದೇ ತಿಳಿಯದಾಯ್ತು. ಹಿಂದಿಯಲ್ಲಿ ಒಂದೇ ಮಾತು, ದೀಪ ಆರಿಸಿ, ಗುಡ್ಡದ ಮೇಲಿನವರಿಗೆ ಕಾಣುತ್ತೆ. ಕೈಗೆ ಹಾಕಿದ್ದ ಸೂಜಿ ಕೀಳಲು ಹೋದರು. ನಾನು ಅಳುತ್ತಾ ನಿಂತಿದ್ದೆ. ಅಣ್ಣ "ಏನಂತೆ?" ಅಂತ ಕೇಳಿದರು, ಹೇಳಿದೆ. ಹೆಗಲ ಮೇಲಿನ ಟವೆಲ್ ತೆಗೆದು ಮೆಷಿನ್ನಿನ ಹಸಿರು ದೀಪದ ಮೇಲೆ ಹೊದಿಸಿದರು. "ಆರಿಸಿದ್ದೀನಿ ಲೀಡರ್ರೇ, ಯಾರಿಗೂ ಕಾಣಲ್ಲ, ಮಲಗಿ." ನರ್ಸ್ ಬಂದು ಟವೆಲ್ ತೆಗೆಯುತ್ತಿದ್ದರು, ಅವರು ಹೋದ ಮೇಲೆ ಅಣ್ಣ ಮತ್ತೆ ಹೊದಿಸುತ್ತಿದ್ದರು. ಬೆಳಗಾಗುವವರೆಗೂ ಇದೇ ಆಯ್ತು, ಅಪ್ಪನ ಕೈ ಮಾತ್ರ ಬಿಡಲಿಲ್ಲ.

ಅದು ಯಾವ ಗುಡ್ಡ ಅಂತ ಅಣ್ಣ ಆಮೇಲೆ ಕೇಳಿದರು. ಅಣ್ಣನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. 1959ರಲ್ಲಿ ಟಿಬೆಟ್‌ನಿಂದ ಗಡಿ ದಾಟಿ ಬಂದಾಗ ಅಪ್ಪ ಇನ್ನೂ ಚಿಕ್ಕ ಹುಡುಗ. ದೊಡ್ಡವರಾದ ಮೇಲೆ '22' ಅನ್ನೋ ಭಾರತದ ಗುಟ್ಟಿನ ಪಡೆಗೆ ಸೇರಿದರು. ಚೀನಾ ಯುದ್ಧದ ಹೊತ್ತಿಗೆ, 1962ರ ನವೆಂಬರ್‌ನಲ್ಲಿ, ಟಿಬೆಟಿಯನ್ನರನ್ನೇ ಸೇರಿಸಿ ಈಗಿನ ಉತ್ತರಾಖಂಡದ ಚಕ್ರಾತಾದಲ್ಲಿ ಕಟ್ಟಿದ ಪಡೆ ಅದು. 1971ರಲ್ಲಿ ಇವರನ್ನು ಕಳಿಸಿದ್ದು ಚೀನಾ ಕಡೆಗಲ್ಲ, ಬಾಂಗ್ಲಾದ ಚಿತ್ತಗಾಂಗ್ ಗುಡ್ಡಗಾಡಿಗೆ. 56 ಜನ ಅಲ್ಲೇ ಪ್ರಾಣ ಬಿಟ್ಟರು, ಗಾಯಗೊಂಡವರು ಸುಮಾರು 190. ಗುಟ್ಟಿನ ಪಡೆ ಅಲ್ವಾ, ಹೋರಾಡಿದ್ದಾರೆ ಅಂತ ಬಾಯಿಬಿಟ್ಟು ಹೇಳುವ ಹಾಗೂ ಇರಲಿಲ್ಲ.

ಇಲ್ಲಿ ನನಗೆ ಸಿಟ್ಟು ಬರುತ್ತೆ, ಬಂದರೆ ಬರಲಿ. 1987ರ ಜುಲೈಗೆ ಮುಂಚೆ ಇಲ್ಲೇ ಹುಟ್ಟಿದೆ ಅನ್ನೋ ಒಂದೇ ಕಾರಣಕ್ಕೆ ನನಗೆ ಇಲ್ಲಿ ವೋಟಿದೆ. ಈ ದೇಶಕ್ಕಾಗಿ ಬಂದೂಕು ಹಿಡಿದ ಅಪ್ಪನಿಗೆ ಇಲ್ಲ, ಅವರು ಹುಟ್ಟಿದ್ದು ಟಿಬೆಟ್‌ನಲ್ಲಿ. ಅವರು ಇವತ್ತಿಗೂ ಆರ್‌ಸಿ ರಿನ್ಯೂ ಮಾಡಿಸುವ ವಿದೇಶಿ. ಪಂಚಾಯ್ತಿ ಎಲೆಕ್ಷನ್ ದಿನ ನನ್ನನ್ನು ಬೂತಿನವರೆಗೆ ಬಿಟ್ಟು ಹೊರಗೆ ಮರದ ಕೆಳಗೆ ನಿಲ್ಲುತ್ತಾರೆ. ಹೇಗನ್ನಿಸುತ್ತೆ ಅಂತ ಕೇಳಿದ್ದೆ. "ಬೇಗ ಹೋಗು, ಕ್ಯೂ ಬೆಳೆಯುತ್ತೆ" ಅಂದರು.

ಅವರ ರಾಜಕೀಯವೆಲ್ಲ ಕ್ಯಾಂಪಿನೊಳಗೇ. ಮೊದಲು ಲೀಡರ್, ಆಮೇಲೆ ನಮ್ಮ ಟಿಬೆಟಿಯನ್ನರದ್ದೇ ಲೋಕಲ್ ಅಸೆಂಬ್ಲಿಯ ಮೆಂಬರ್. ಬೋರ್‌ವೆಲ್ ಮೋಟಾರ್ ಸುಟ್ಟರೆ ಓಡು, ಚಳಿಗಾಲಕ್ಕೆ ಸ್ವೆಟರ್ ಮಾರಲು ಹೊರಡುವವರಿಗೆ ಸೊಸೈಟಿ ಸಾಲ ಕೊಡಿಸು, ಅಣ್ಣ ತಮ್ಮಂದಿರ ಜಗಳ ಬಿಡಿಸು. ಭಾಷಣ ಮಾಡಲು ಮಾತ್ರ ಬರುತ್ತಿರಲಿಲ್ಲ, ಎದ್ದು ನಿಂತು ಲೆಕ್ಕ ಓದಿ ಕೂತುಬಿಡುತ್ತಿದ್ದರು.

ಅಣ್ಣನಿಗೆ ಡೀಸೆಲ್ ದುಡ್ಡು ಕೊಡಲು ಹೋದೆ. "ಅದೆಲ್ಲ ಬೇಡ, ಆ ಹಸುವಿನ ದಂಡ ವಾಪಸ್ ಕೊಡಿಸು ಸಾಕು" ಅಂದರು. ಅಪ್ಪನಿಗೆ ಹೇಳಿದೆ. ಕೊಡಲು ಆಗಲ್ವಂತೆ, ಅದು ಕ್ಯಾಂಪಿನ ದುಡ್ಡು, ರಸೀದಿ ಹರಿದಾಗಿದೆಯಂತೆ.

ನೋಡಲು ಬರುವವರು ಸಂಜೆ ನಾಲ್ಕರ ಮೇಲೆ ಬನ್ನಿ. ಹಣ್ಣು ತರಬೇಡಿ, ಮನೆ ತುಂಬ ಬಾಳೆಹಣ್ಣಿದೆ.