ಕೆನ್ನೆ ಕೆರೆದ ರಾತ್ರಿ

ಚಿತ್ರ ಮುಗಿಯಿತು. ಡಚ್ ಚಿತ್ರಕಾರ ರೆಂಬ್ರಾಂಟ್ 1659ರಲ್ಲಿ ಬರೆದುಕೊಂಡ ತನ್ನದೇ ಭಾವಚಿತ್ರದ ನನ್ನ ಪ್ರತಿ, ಹದಿನಾಲ್ಕು ತಿಂಗಳ ನಂತರ ಈಸೆಲ್‌ನಿಂದ (ಕ್ಯಾನ್ವಾಸ್ ನಿಲ್ಲಿಸುವ ಚೌಕಟ್ಟಿನಿಂದ) ಇಳಿದು ಗೋಡೆ ಸೇರಿದೆ. ಮೂಲ ಚಿತ್ರ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ನಾನು ನೋಡಿದ್ದು ಅದರ ಮುದ್ರಿತ ಹಾಳೆಯನ್ನು ಮಾತ್ರ. ಗಂಡ ಹೋದಮೇಲೆ ಕುಂಚ ಹಿಡಿದದ್ದು ಏಕೆ ಎಂಬುದು ನಿಮಗೆಲ್ಲ ಗೊತ್ತಿರುವುದರಿಂದ ಅದನ್ನು ಮತ್ತೆ ಬರೆಯುವುದಿಲ್ಲ.

ಬಣ್ಣದ ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು ಎಂದು ನೂರು ಸಲ ಹೇಳಿದ ಗುರುಗಳಿಗೆ, ಕ್ಯಾನ್ವಾಸ್ ಬಿಗಿದುಕೊಟ್ಟ ಗೆಳೆಯನಿಗೆ, ಬಣ್ಣ ತೆಳುಮಾಡುವ ಟರ್ಪೆಂಟೈನ್‌ನ ವಾಸನೆಯನ್ನು ಸಹಿಸಿಕೊಂಡ ಪಕ್ಕದ ಮನೆಯವರಿಗೆ, ಬಣ್ಣ ಮೆತ್ತಿದ ಅಂಗಿಯಲ್ಲೇ ಶಾಲೆಗೆ ಹೋದ ಮಗನಿಗೆ ನಮಸ್ಕಾರ. ಇನ್ನುಳಿದದ್ದೆಲ್ಲ ಅತ್ತೆಯವರಿಗೆ.

ಹತ್ತನೆಯ ತಿಂಗಳಲ್ಲಿ ಒಂದು ರಾತ್ರಿ ಎಲ್ಲ ಕೆಟ್ಟಿತು. ಆ ಚಿತ್ರದಲ್ಲಿ ಬೆಳಕು ಬೀಳುವ ಕಡೆ ಬಣ್ಣ ದಪ್ಪವಾಗಿ, ಚರ್ಮದ ಹಾಗೆ ಒರಟಾಗಿ ಕೂತಿದೆ. ನನ್ನ ಬಿಳಿ ಬಣ್ಣ ಒಳಗೆ ಇನ್ನೂ ಹಸಿಯಾಗಿತ್ತು. ತಾಳ್ಮೆ ತಪ್ಪಿ ಅದರ ಮೇಲೆ ಕಂದು ಬಣ್ಣದ ತೆಳು ಪದರ ಎಳೆದೆ. ಗಾಢವಾಯಿತೆಂದು ಬಟ್ಟೆಯಿಂದ ಒರೆಸಿದೆ. ಕೆನ್ನೆಯೇ ಎದ್ದುಬಂತು. ಸರಿಪಡಿಸಲು ಹೋದಷ್ಟೂ ಮುಖ ಕೆಸರಾಯಿತು. ಬಣ್ಣ ಕಲಸುವ ಚಾಕುವಿನಿಂದ ಕ್ಯಾನ್ವಾಸನ್ನೇ ಸೀಳಲು ಹೊರಟಿದ್ದೆ. ಗಂಟೆ ಒಂದಾಗಿತ್ತು.

ನೀರು ಕುಡಿಯಲು ಎದ್ದಿದ್ದ ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಚಿತ್ರಕಲೆಯ ಗಂಧ ಅವರಿಗಿಲ್ಲ. ಸಮಾಧಾನದ ಮಾತನ್ನೂ ಆಡಲಿಲ್ಲ. ಸ್ಟೂಲು ಎಳೆದುಕೊಂಡು ಕೂತು, ಮೇಜಿನ ದೀಪವನ್ನು ಕೆನ್ನೆಯ ಕಡೆಗೆ ತಿರುಗಿಸಿಕೊಂಡು, "ಮುದುಕರ ಮುಖ ಬರೆಯುವುದಕ್ಕೆ ಕಾಗದ ನೋಡುತ್ತೀಯಲ್ಲಮ್ಮಾ, ನಾನಿಲ್ಲವೇ?" ಎಂದರು.

ನಾಲ್ಕು ಗಂಟೆಯವರೆಗೆ ಅಲುಗಾಡದೆ ಕೂತಿದ್ದರು. ನಾನು ಅಷ್ಟು ದಿನ ಸುಕ್ಕುಗಳನ್ನು ಗೆರೆಗಳಾಗಿ ಎಳೆಯುತ್ತಿದ್ದೆ. ಅವರ ಮುಖದಲ್ಲಿ ಒಂದೂ ಗೆರೆಯಿರಲಿಲ್ಲ. ಬೆಳಕು ಮಡಿಸಿಕೊಂಡು ನೆರಳಿಗೆ ಇಳಿಯುವ ಜಾಗಗಳಷ್ಟೇ ಇದ್ದವು. ಕಣ್ಣಿನ ಕೆಳಗಿನ ನೆರಳು ಕಪ್ಪಲ್ಲ, ಹಸಿರು ಸುಳಿಯುವ ಬೂದು. ಹಣೆ ಹಳದಿ, ಮೂಗಿನ ತುದಿ ಕೆಂಪು. ಗುರುಗಳು ಇದನ್ನೆಲ್ಲ ಹೇಳಿದ್ದರು, ನಾನು ಬರೆದುಕೊಂಡೂ ಇದ್ದೆ.

ಹನ್ನೊಂದು ವರ್ಷ ಒಂದೇ ಮನೆಯಲ್ಲಿದ್ದು ಆ ಮುಖವನ್ನು ನಾನು ನೋಡಿರಲಿಲ್ಲ. ಎರಡು ವರ್ಷಗಳಿಂದ ನೀವೆಲ್ಲ ನನ್ನನ್ನು ಸಂತೈಸಲು ಬಂದಿರಿ, ಅವರು ಕಾಫಿ ಮಾಡಿಕೊಟ್ಟರು. ನನ್ನ ಗಂಡ ಅವರಿಗೆ ಮಗ. ಅದನ್ನು ನಾನು ಮರೆತಿರಲಿಲ್ಲ ಎಂದು ಬರೆಯಬೇಕೆಂದಿದೆ, ಆದರೆ ಅದು ಸುಳ್ಳಾಗುತ್ತದೆ. ದೀಪದಲ್ಲಿ ಆ ಕಣ್ಣುಗಳ ಊತವನ್ನು ಅಳೆಯುತ್ತಿರುವಾಗ ಕೈ ನಿಂತುಹೋಯಿತು. "ಬರೀ, ಬರೀ, ನನಗೆ ಕಾಲು ಜೋಮು ಹಿಡಿಯುತ್ತಿದೆ" ಎಂದರು.

ಬೆಳಗಿನ ಜಾವ ಚಿತ್ರದ ಕೆನ್ನೆಯನ್ನೆಲ್ಲ ಚಾಕುವಿನಿಂದ ಕೆರೆದು, ತಳದ ಕಂದು ಬಣ್ಣ ಕಾಣುವವರೆಗೆ ಒರೆಸಿ ಮಲಗಿದೆ. ಮೂರು ವಾರ ಮುಟ್ಟಲಿಲ್ಲ. ಆಮೇಲಿನದು ಬರಿಯ ಕೆಲಸ.

ರೆಂಬ್ರಾಂಟನಿಗೆ ಆಗ ಐವತ್ತಮೂರು. ಸಾಲದಲ್ಲಿ ಮನೆ ಮಾರಾಟವಾದ ಮರುವರ್ಷದ ಚಿತ್ರವದು. ನನ್ನ ಪ್ರತಿಯಲ್ಲಿ ಮೂಗು ತುಸು ಉದ್ದವಾಗಿದೆ, ಕೈಗಳು ನೆರಳಿನಲ್ಲಿ ಮಸುಕಾಗಿರುವುದು ನನ್ನ ಪುಣ್ಯ. ಎಡಗಣ್ಣಿನ ಕೆಳಗಿನ ನೆರಳಂತೂ ಅವನದಲ್ಲ. ತಿದ್ದಬೇಕೇ ಎಂದು ಗುರುಗಳನ್ನು ಕೇಳಿದೆ, ಬೇಡವೆಂದರು. ಹಿಂಬದಿಯಲ್ಲಿ 'ಪ್ರತಿ' ಎಂದೂ ನನ್ನ ಹೆಸರನ್ನೂ ಬರೆದು, ಕೆಳಗೆ ಅತ್ತೆಯವರ ಹೆಸರನ್ನೂ ಸೇರಿಸಿದ್ದೇನೆ.

ನೋಡಲು ಬನ್ನಿ. ವಾರ್ನಿಷ್ ಬಳಿಯಲು ಇನ್ನೂ ಆರು ತಿಂಗಳಾದರೂ ಕಾಯಬೇಕು, ದಯವಿಟ್ಟು ಮುಟ್ಟಬೇಡಿ. ಒಣಗಿತೇ ಎಂದು ದಿನವೂ ಬೆರಳಿಟ್ಟು ನೋಡುವವರು ಮನೆಯಲ್ಲಿ ಈಗಾಗಲೇ ಒಬ್ಬರಿದ್ದಾರೆ.